ಡ್ರಾಯಿಂಗ್ ಹೊರಬಿಡುವುದು, ರಿವಿಷನ್ ಲೆಕ್ಕ ಇಡುವುದು: ಕೊಡಗಿನ ಸಣ್ಣ ಆಫೀಸುಗಳಿಗೆ ಹಂತ ಹಂತವಾಗಿ

ಕುಶಾಲನಗರ, ಪೊನ್ನಂಪೇಟೆಯ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಓದು ಮುಗಿಸಿ ಇಲ್ಲೇ ಕೆಲಸಕ್ಕೆ ನಿಂತವರು, ಮಡಿಕೇರಿ, ವಿರಾಜಪೇಟೆ ಕಡೆ ಇಬ್ಬರು ಮೂವರು ಸೇರಿ ಆಫೀಸು ನಡೆಸುವವರು, ಕಂಟ್ರಾಕ್ಟರುಗಳು, ಎಲ್ಲರೂ ಕೇಳುವ ಪ್ರಶ್ನೆ ಹೆಚ್ಚು ಕಡಿಮೆ ಒಂದೇ. ಡ್ರಾಯಿಂಗ್ ಕಳಿಸಿಯಾದ ಮೇಲೆ ಬದಲಾವಣೆ ಬಂತು, ಈಗ ಏನು ಮಾಡಬೇಕು? ಸೈಟಿನಲ್ಲಿರುವ ಮೇಸ್ತ್ರಿಗೆ ಯಾವುದು ಲೇಟೆಸ್ಟ್ ಅಂತ ಗೊತ್ತಾಗುವುದು ಹೇಗೆ?

ಉತ್ತರ ಒಂದು ನಿಯಮದಲ್ಲಿದೆ. ಒಮ್ಮೆ ಹೊರಗೆ ಹೋದ ಡ್ರಾಯಿಂಗನ್ನು ಮತ್ತೆ ಮುಟ್ಟಬಾರದು. ಬದಲಾವಣೆ ಎಷ್ಟೇ ಚಿಕ್ಕದಿರಲಿ, ಅದು ಹೊಸ ರಿವಿಷನ್ ಆಗಿಯೇ ಹೊರಗೆ ಹೋಗಬೇಕು. ಕೆಳಗಿನ ಹಂತಗಳೆಲ್ಲ ಈ ನಿಯಮ ತಪ್ಪದ ಹಾಗೆ ನೋಡಿಕೊಳ್ಳುವ ದಾರಿಗಳು, ಅಷ್ಟೇ.

ನಮ್ಮ ಜಿಲ್ಲೆಯಲ್ಲಿ ಇದಕ್ಕೆ ತೂಕ ಜಾಸ್ತಿ. ಜೂನ್‌ನಲ್ಲಿ ಮಳೆ ಹಿಡಿದರೆ ಮಣ್ಣಿನ ಕೆಲಸ ನಿಲ್ಲುತ್ತದೆ. ಹಾಗಾಗಿ ಅಡಿಪಾಯ, ತಡೆಗೋಡೆ ಕೆಲಸಗಳೆಲ್ಲ ಬೇಸಿಗೆಯ ಕೆಲವೇ ತಿಂಗಳಲ್ಲಿ ಒತ್ತಿಕೊಂಡು ನಡೆಯುತ್ತವೆ. ಅದೇ ಸಮಯದಲ್ಲಿ ಬರೆ (ಗುಡ್ಡದ ಕಡಿದಾದ ಮಣ್ಣಿನ ಇಳಿಜಾರು) ಕಡಿದ ಮೇಲೆ ಒಳಗಿನ ಮಣ್ಣು ಬೇರೆ ಥರ ಕಾಣಿಸುತ್ತದೆ, ಡಿಸೈನ್ ಬದಲಾಗುತ್ತದೆ, ವಾರದಲ್ಲಿ ಎರಡು ಸಲ ಹೊಸ ಡ್ರಾಯಿಂಗ್ ಹೋಗುತ್ತದೆ. ಹಳೆ ಡ್ರಾಯಿಂಗ್ ನೋಡಿ ತಡೆಗೋಡೆಯ ಪಾದಕ್ಕೆ ಕಾಂಕ್ರೀಟ್ ಸುರಿದುಬಿಟ್ಟರೆ ಆಮೇಲೆ ಅಗಲ ಮಾಡಲು ಆಗುವುದಿಲ್ಲ.

ನಾನಿಲ್ಲಿ ಕಂಪ್ಯೂಟರಿನಲ್ಲಿ ಡ್ರಾಯಿಂಗ್ ಬಿಡಿಸುವ ಕ್ಯಾಡ್ ಸಾಫ್ಟ್‌ವೇರುಗಳಲ್ಲಿ ಒಂದಾದ ಆಟೋಕ್ಯಾಡ್ ಇಟ್ಟುಕೊಂಡು ಬರೆಯುತ್ತಿದ್ದೇನೆ, ಇಲ್ಲಿ ಹೆಚ್ಚಿನವರ ಬಳಿ ಇರುವುದು ಅದೇ. ಬ್ರಿಕ್ಸ್‌ಕ್ಯಾಡ್‌ನಲ್ಲಿ ಕಮಾಂಡುಗಳೂ ಬಹುತೇಕ ಇವೇ. ಲಿಬ್ರೆಕ್ಯಾಡ್, ಫ್ರೀಕ್ಯಾಡ್ ಬಳಸುವವರಿಗೆ ಕಮಾಂಡ್ ಬೇರೆ, ಕ್ರಮ ಇದೇ.

ಮೊದಲು ಕೆಲವು ಪದ

ವರ್ಕಿಂಗ್ ಫೈಲ್ ಅಂದರೆ ನೀವು ದಿನಾ ತೆರೆದು ಕೆಲಸ ಮಾಡುವ ಡಿಡಬ್ಲ್ಯೂಜಿ ಫೈಲ್. ಇಶ್ಯೂ ಅಂದರೆ ಡ್ರಾಯಿಂಗನ್ನು ಅಧಿಕೃತವಾಗಿ ಆಫೀಸಿನಿಂದ ಹೊರಗೆ ಕೊಡುವುದು. ರಿವಿಷನ್ ಅಂದರೆ ಹೀಗೆ ಹೊರಗೆ ಕೊಟ್ಟ ಪ್ರತಿ ಸಲದ ಗುರುತು. ಆಫೀಸಿನೊಳಗೆ ನೀವು ದಿನಕ್ಕೆ ಹತ್ತು ಸಲ ಸೇವ್ ಮಾಡಿದರೂ ಅದು ರಿವಿಷನ್ ಅಲ್ಲ, ಹೊರಗೆ ಹೋದರೆ ಮಾತ್ರ ರಿವಿಷನ್. ಪಬ್ಲಿಷ್ ಅಂದರೆ ಹಲವು ಶೀಟುಗಳನ್ನು ಒಟ್ಟಿಗೆ ಪಿಡಿಎಫ್ ಮಾಡುವ ಕೆಲಸ, ಆಟೋಕ್ಯಾಡ್‌ನಲ್ಲಿ ಅದೇ ಹೆಸರಿನ ಕಮಾಂಡ್ ಇದೆ. ಎಕ್ಸ್‌ರೆಫ್ ಅಂದರೆ ಒಂದು ಡ್ರಾಯಿಂಗಿನೊಳಗೆ ಇನ್ನೊಂದನ್ನು ಕೊಂಡಿಯ ಮೂಲಕ ತೋರಿಸುವುದು. ಅದು ಕಾಪಿ ಅಲ್ಲ, ಮೂಲ ಬದಲಾದರೆ ಇಲ್ಲೂ ಬದಲಾಗುತ್ತದೆ.

ಬೇಕಾಗುವ ಸಾಮಾನು ಹೆಚ್ಚೇನಿಲ್ಲ. ಕ್ಯಾಡ್ ಸಾಫ್ಟ್‌ವೇರ್, ಎಲ್ಲರಿಗೂ ಸಿಗುವ ಒಂದು ಫೋಲ್ಡರ್, ರಿಜಿಸ್ಟರಿಗೆ ಒಂದು ಎಕ್ಸೆಲ್ ಶೀಟ್, ಒಂದು ರಬ್ಬರ್ ಸ್ಟಾಂಪ್. ಮಳೆಗಾಲದ ಕರೆಂಟಿನ ಕಥೆ ಗೊತ್ತಿದೆಯಲ್ಲ, ಆದ್ದರಿಂದ ಒಂದು ಯುಪಿಎಸ್ ಕೂಡ.

ಹಂತ 1: ಫೋಲ್ಡರ್ ಬೇರೆ ಮಾಡಿ

ಪ್ರತಿ ಕೆಲಸಕ್ಕೂ ನಾಲ್ಕು ಫೋಲ್ಡರ್ ಮಾಡಿ: ನಡೆಯುತ್ತಿರುವುದು, ಹಂಚಿಕೊಂಡದ್ದು, ಹೊರಬಿಟ್ಟದ್ದು, ಹಳೆಯದು. ಕಟ್ಟಡ ಯೋಜನೆಗಳ ಮಾಹಿತಿ ನಿರ್ವಹಣೆಗೆ ಐಎಸ್ಒ 19650 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಅದರಲ್ಲಿ ಹೇಳುವ ನಾಲ್ಕು ಸ್ಥಿತಿಗಳೂ ಇವೇ.

ನಡೆಯುತ್ತಿರುವುದರಲ್ಲಿ ವರ್ಕಿಂಗ್ ಫೈಲ್ ಇರುತ್ತದೆ. ಬೇರೆ ಇಂಜಿನಿಯರ್ ನೋಡಲಿ ಅಂತ ಕೊಟ್ಟದ್ದು ಹಂಚಿಕೊಂಡದ್ದರಲ್ಲಿ. ಇಶ್ಯೂ ಆದ ಪಿಡಿಎಫ್ ಹೊರಬಿಟ್ಟದ್ದರಲ್ಲಿ. ಅದರ ಜಾಗಕ್ಕೆ ಹೊಸದು ಬಂದಾಗ ಹಿಂದಿನದು ಹಳೆಯದಕ್ಕೆ ಹೋಗುತ್ತದೆ. ಇಬ್ಬರೇ ಇರುವ ಆಫೀಸಿಗೆ ಎರಡನೆಯದು ಬೇಡ ಅನಿಸಿದರೆ ಬಿಡಿ. ಉಳಿದ ಮೂರು ಬಿಡಬೇಡಿ.

ಹೊರಬಿಟ್ಟದ್ದು, ಹಳೆಯದು ಎರಡನ್ನೂ ಎಲ್ಲರಿಗೂ ಓದಲು ಮಾತ್ರ ಸಿಗುವ ಹಾಗೆ ಮಾಡಿ. ಬರೆಯುವ ಅಧಿಕಾರ ಒಬ್ಬರಿಗೇ ಇರಲಿ.

ಒಂದು ಎಚ್ಚರಿಕೆ. ಗೂಗಲ್ ಡ್ರೈವ್, ಒನ್‌ಡ್ರೈವ್ ಥರದ ಫೋಲ್ಡರಿನಲ್ಲಿ ಒಂದೇ ಡಿಡಬ್ಲ್ಯೂಜಿ ಫೈಲನ್ನು ಇಬ್ಬರು ಬೇರೆ ಬೇರೆ ಕಂಪ್ಯೂಟರಿನಲ್ಲಿ ತೆರೆಯಬೇಡಿ. ಆಫೀಸಿನ ಸರ್ವರಿನಲ್ಲಾದರೆ ಆಟೋಕ್ಯಾಡ್ ಡಿಡಬ್ಲ್ಯೂಎಲ್ ಎಂಬ ಪುಟ್ಟ ಲಾಕ್ ಫೈಲ್ ಹುಟ್ಟಿಸಿ, ಇನ್ನೊಬ್ಬರು ತೆರೆದಿದ್ದಾರೆ ಅಂತ ಹೇಳುತ್ತದೆ. ನೆಟ್‌ವರ್ಕ್ ಬಂದು ಹೋಗುವ ನಮ್ಮೂರಿನಲ್ಲಿ ಡ್ರೈವ್ ಮೂಲಕ ಆ ಲಾಕ್ ಸಮಯಕ್ಕೆ ತಲುಪುವ ಭರವಸೆ ಇಲ್ಲ. ಇಬ್ಬರೂ ಸೇವ್ ಮಾಡಿದರೆ ಒಬ್ಬರ ಕೆಲಸ ಪಕ್ಕದಲ್ಲಿ ಬೇರೆ ಹೆಸರಿನ ಕಾಪಿಯಾಗಿ ಬೀಳುತ್ತದೆ, ಇಲ್ಲವೇ ಪೂರ್ತಿ ಹೋಗುತ್ತದೆ. ಒಂದು ಫೈಲಿಗೆ ಒಬ್ಬರು ಅಂತ ಹಂಚಿಕೊಳ್ಳಿ.

ಹಂತ 2: ನಂಬರ್ ಕೊಡಿ, ಹೆಸರಿಗೆ ಬಾಲ ಸೇರಿಸಬೇಡಿ

ಪ್ರತಿ ಶೀಟಿಗೂ ಒಂದು ನಂಬರ್ ಬೇಕು. ಕೆಲಸದ ಗುರುತು, ವಿಭಾಗ, ಕ್ರಮಸಂಖ್ಯೆ ಇದ್ದರೆ ಸಾಕು. ಉದಾಹರಣೆಗೆ ‘ಎಂಡಿ07-ಎಸ್-201’. ಮಡಿಕೇರಿಯ ಏಳನೇ ಕೆಲಸ, ಎಸ್ ಅಂದರೆ ಸ್ಟ್ರಕ್ಚರ್, 201ನೇ ಶೀಟ್. ಈ ನಂಬರ್ ಕೊನೆವರೆಗೂ ಬದಲಾಗುವುದಿಲ್ಲ. ಶೀಟ್ ರದ್ದಾದರೂ ಆ ನಂಬರನ್ನು ಬೇರೆ ಶೀಟಿಗೆ ಕೊಡಬೇಡಿ.

ವರ್ಕಿಂಗ್ ಫೈಲಿನ ಹೆಸರಿನಲ್ಲಿ ರಿವಿಷನ್ ಬರೆಯಬೇಡಿ. ಬರೆದರೆ ಪ್ರತಿ ಸಲ ಹೆಸರು ಬದಲಾಗುತ್ತದೆ, ಅದಕ್ಕೆ ಕೊಂಡಿ ಹಾಕಿದ ಎಕ್ಸ್‌ರೆಫ್‌ಗಳೆಲ್ಲ ಕಡಿದುಹೋಗುತ್ತವೆ. ಪಿಡಿಎಫ್ ಹೆಸರಿನಲ್ಲಿ ಮಾತ್ರ ರಿವಿಷನ್ ಇರಲೇಬೇಕು: ‘ಎಂಡಿ07-ಎಸ್-201-ಆರ್1’. ಫೈನಲ್, ನ್ಯೂ, ಲೇಟೆಸ್ಟ್, ಓಕೆ, ಇಂಥ ಪದಗಳನ್ನು ಹೆಸರಿನಿಂದ ಪೂರ್ತಿ ತೆಗೆದುಹಾಕಿ. ‘ಫೈನಲ್ 2’ ಮತ್ತು ‘ಫೈನಲ್ ನ್ಯೂ’ ನಡುವೆ ಯಾವುದು ಮುಂದಿನದು ಅಂತ ಆರು ತಿಂಗಳ ಮೇಲೆ ಯಾರೂ ಹೇಳಲಾರರು.

ಫೈಲ್ ಹೆಸರನ್ನು ಇಂಗ್ಲಿಷ್ ಅಕ್ಷರ, ಅಂಕಿ, ಅಡ್ಡಗೆರೆಯಲ್ಲೇ ಇಡಿ. ಕನ್ನಡ ಹೆಸರು ನಿಮ್ಮ ಕಂಪ್ಯೂಟರಿನಲ್ಲಿ ಚೆನ್ನಾಗಿ ಕಂಡರೂ ಹಳೆಯ ಜಿಪ್ ಸಾಫ್ಟ್‌ವೇರ್, ಪ್ಲಾಟರುಗಳಲ್ಲಿ (ದೊಡ್ಡ ಶೀಟಿನ ಪ್ರಿಂಟರುಗಳಲ್ಲಿ) ಕೆಡಬಹುದು.

ರಿವಿಷನ್ ಗುರುತಿಗೆ ಹಲವು ಪದ್ಧತಿಗಳಿವೆ. ನಾನು ಹೇಳುವುದು ಇದು: ನಿರ್ಮಾಣಕ್ಕೆ ಮೊದಲು ಒಪ್ಪಿಗೆಗಾಗಿ ಕೊಡುವುದಕ್ಕೆಲ್ಲ ಎ, ಬಿ, ಸಿ ಅಕ್ಷರ. ನಿರ್ಮಾಣಕ್ಕೆ ಅಂತ ಕೊಟ್ಟ ಮೊದಲನೆಯದು ಆರ್0, ಆಮೇಲೆ ಆರ್1, ಆರ್2. ಹೀಗಿದ್ದರೆ ಗುರುತು ನೋಡಿದ ಕೂಡಲೇ ಇದರ ಮೇಲೆ ಕಟ್ಟಬಹುದೋ ಇಲ್ಲವೋ ಗೊತ್ತಾಗುತ್ತದೆ. ಅಕ್ಷರ ಬಳಸುವಾಗ ಐ ಮತ್ತು ಓ ಬಿಟ್ಟುಬಿಡಿ, ಒಂದು ಮತ್ತು ಸೊನ್ನೆ ಅಂತ ಓದಿಬಿಡುತ್ತಾರೆ. ಅಮೆರಿಕದ ಎಎಸ್ಎಂಇ ಮಾನದಂಡ ಇವುಗಳ ಜೊತೆ ಕ್ಯೂ, ಎಸ್, ಎಕ್ಸ್, ಝಡ್ ಅಕ್ಷರಗಳನ್ನೂ ಬಿಡಿಸುತ್ತದೆ.

ಹಂತ 3: ಟೈಟಲ್ ಬ್ಲಾಕ್ ಸರಿಮಾಡಿಕೊಳ್ಳಿ

ಶೀಟಿನ ಬಲಗಡೆ ಕೆಳಮೂಲೆಯ ಚೌಕವೇ ಟೈಟಲ್ ಬ್ಲಾಕ್. ಅದರಲ್ಲಿ ಕೆಲಸದ ಹೆಸರು, ಡ್ರಾಯಿಂಗ್ ನಂಬರ್, ರಿವಿಷನ್, ಸ್ಕೇಲ್, ಶೀಟಿನ ಅಳತೆ, ಬಿಡಿಸಿದವರು, ಚೆಕ್ ಮಾಡಿದವರು, ಒಪ್ಪಿದವರು, ತಾರೀಕು ಇರಬೇಕು. ಇಶ್ಯೂ ಮಾಡಿದ ಉದ್ದೇಶಕ್ಕೂ ಒಂದು ಜಾಗ ಬಿಡಿ: ‘ಒಪ್ಪಿಗೆಗಾಗಿ’, ‘ಟೆಂಡರಿಗಾಗಿ’, ‘ನಿರ್ಮಾಣಕ್ಕಾಗಿ’. ಈ ಒಂದು ಸಾಲು ಇಲ್ಲದೆ ಆಗುವ ಜಗಳ ಸಣ್ಣದಲ್ಲ.

ಬ್ಲಾಕಿನ ಬರಹವನ್ನು ಆಟ್ರಿಬ್ಯೂಟ್ ಆಗಿ ಮಾಡಿ. ಆಟ್ರಿಬ್ಯೂಟ್ ಅಂದರೆ ಬ್ಲಾಕ್ ಒಡೆಯದೆಯೇ ತುಂಬಬಹುದಾದ ಖಾಲಿ ಜಾಗ. ಶೀಟುಗಳು ಇಪ್ಪತ್ತಕ್ಕಿಂತ ಜಾಸ್ತಿ ಇದ್ದರೆ ಶೀಟ್ ಸೆಟ್ ಮ್ಯಾನೇಜರ್ ಕಲಿಯಿರಿ. ಆಟೋಕ್ಯಾಡ್ 2005ರಿಂದ ಇದೆ. ಕೆಲಸದ ಹೆಸರು ಒಂದು ಕಡೆ ತಿದ್ದಿದರೆ ಎಲ್ಲ ಶೀಟಿನಲ್ಲೂ ಬದಲಾಗುತ್ತದೆ.

ತಾರೀಕಿನ ವಿಷಯದಲ್ಲಿ ಮಾತ್ರ ಹುಷಾರು. ತಾನಾಗೇ ಇವತ್ತಿನ ದಿನ ತೋರಿಸುವ ಫೀಲ್ಡ್ ಅನ್ನು ಇಶ್ಯೂ ತಾರೀಕಿನ ಜಾಗದಲ್ಲಿ ಹಾಕಬೇಡಿ. ಮಾರ್ಚ್‌ನಲ್ಲಿ ಕೊಟ್ಟ ಡ್ರಾಯಿಂಗನ್ನು ಆಗಸ್ಟಿನಲ್ಲಿ ಮತ್ತೆ ಪ್ರಿಂಟ್ ತೆಗೆದರೆ ಅದರ ಮೇಲೆ ಆಗಸ್ಟ್ ಬರುತ್ತದೆ. ರಿವಿಷನ್ ಅದೇ, ತಾರೀಕು ಬೇರೆ. ಆಗ ಸೈಟಿನಲ್ಲಿ ಎರಡೂ ಬೇರೆ ಬೇರೆ ಡ್ರಾಯಿಂಗ್ ಅಂದುಕೊಳ್ಳುತ್ತಾರೆ. ಇಶ್ಯೂ ತಾರೀಕನ್ನು ಕೈಯಲ್ಲೇ ಟೈಪ್ ಮಾಡಿ. ಪ್ರಿಂಟ್ ತೆಗೆದ ದಿನ ಬೇಕಿದ್ದರೆ ಅಂಚಿನಲ್ಲಿ ಚಿಕ್ಕದಾಗಿ ಬರಲಿ.

ಹಂತ 4: ಎಕ್ಸ್‌ರೆಫ್ ಹದ್ದುಬಸ್ತಿನಲ್ಲಿಡಿ

ಈ ಹಂತ ಓದದೆ ಮುಂದೆ ಹೋಗಬೇಡಿ. ನಾನು ನೋಡಿದ ಗೊಂದಲಗಳಲ್ಲಿ ಹೆಚ್ಚಿನವು ಇಲ್ಲೇ ಹುಟ್ಟಿದ್ದು.

ಸಾಮಾನ್ಯವಾಗಿ ಸರ್ವೇ ಡ್ರಾಯಿಂಗ್ ಒಂದು ಫೈಲ್. ಆರ್ಕಿಟೆಕ್ಟರ ಪ್ಲಾನ್, ನಿಮ್ಮ ಫೌಂಡೇಶನ್, ಡ್ರೈನೇಜ್ ಎಲ್ಲ ಅದನ್ನು ಎಕ್ಸ್‌ರೆಫ್ ಮಾಡಿಕೊಂಡಿರುತ್ತವೆ. ಸರ್ವೇ ತಿದ್ದಿದರೆ ಎಲ್ಲದರಲ್ಲೂ ತಾನಾಗೇ ತಿದ್ದುಪಡಿ ಬರುತ್ತದೆ. ಇದು ಅನುಕೂಲ. ಆದರೆ ನೀವು ಫೆಬ್ರವರಿಯಲ್ಲಿ ಇಶ್ಯೂ ಮಾಡಿದ ಫೌಂಡೇಶನ್ ಡ್ರಾಯಿಂಗಿನ ಡಿಡಬ್ಲ್ಯೂಜಿಯನ್ನು ಏಪ್ರಿಲ್‌ನಲ್ಲಿ ತೆರೆದರೆ ಅದರಲ್ಲಿ ಏಪ್ರಿಲ್‌ನ ಸರ್ವೇ ಕಾಣುತ್ತದೆ. ಯಾರೂ ಆ ಫೈಲ್ ಮುಟ್ಟಿಲ್ಲ, ಟೈಟಲ್ ಬ್ಲಾಕ್ ಇನ್ನೂ ಆರ್0 ಅಂತಲೇ ಹೇಳುತ್ತಿದೆ, ಒಳಗಿನ ಚಿತ್ರ ಮಾತ್ರ ಬೇರೆ. ಅದಕ್ಕೇ ಡಿಡಬ್ಲ್ಯೂಜಿಯನ್ನು ದಾಖಲೆ ಅಂತ ನಂಬಬೇಡಿ. ದಾಖಲೆ ಅಂದರೆ ಪಿಡಿಎಫ್.

ಡಿಡಬ್ಲ್ಯೂಜಿಯನ್ನೂ ಇಶ್ಯೂ ದಿನದ ಸ್ಥಿತಿಯಲ್ಲೇ ಉಳಿಸಬೇಕು ಅಂದರೆ ಇಟ್ರಾನ್ಸ್‌ಮಿಟ್ ಕಮಾಂಡ್ ಬಳಸಿ. ಡ್ರಾಯಿಂಗ್, ಅದರ ಎಕ್ಸ್‌ರೆಫ್‌ಗಳು, ಫಾಂಟ್, ಪ್ಲಾಟ್ ಸ್ಟೈಲ್ ಎಲ್ಲವನ್ನೂ ಸೇರಿಸಿ ಒಂದು ಜಿಪ್ ಮಾಡಿಕೊಡುತ್ತದೆ. ಬೈಂಡ್ ಆಯ್ಕೆ ಹಾಕಿದರೆ ಎಕ್ಸ್‌ರೆಫ್‌ಗಳು ಒಳಗೇ ಬೆರೆತು ಒಂದೇ ಫೈಲ್ ಆಗುತ್ತದೆ. ಪ್ರತಿ ಇಶ್ಯೂವಿಗೆ ಒಂದು ಜಿಪ್ ಮಾಡಿ ‘ಹಳೆಯದು’ ಫೋಲ್ಡರಿನಲ್ಲಿಡಿ. ವರ್ಕಿಂಗ್ ಫೈಲನ್ನು ಮಾತ್ರ ಬೈಂಡ್ ಮಾಡಬೇಡಿ, ಆಮೇಲೆ ಸರ್ವೇಯ ಬದಲಾವಣೆ ಬರುವುದೇ ಇಲ್ಲ.

ಕೊಂಡಿ ಹಾಕುವಾಗ ಪಾತ್ ಟೈಪ್ ಅನ್ನು ರಿಲೇಟಿವ್ ಅಂತ ಇಡಿ. ಅಂದರೆ ‘ಸಿ ಡ್ರೈವಿನ ಇಂಥ ಜಾಗ’ ಅನ್ನುವ ಬದಲು ‘ಈ ಫೈಲಿನ ಪಕ್ಕದ ಫೋಲ್ಡರ್’ ಅಂತ ನೆನಪಿಡುತ್ತದೆ. ಇಡೀ ಫೋಲ್ಡರನ್ನು ಬೇರೆ ಕಂಪ್ಯೂಟರಿಗೆ ಹಾಕಿದರೂ ಕೊಂಡಿ ಉಳಿಯುತ್ತದೆ. ಇನ್ನೊಂದು ಆಯ್ಕೆ ಅಟ್ಯಾಚ್ ಮತ್ತು ಓವರ್‌ಲೇ. ಅಟ್ಯಾಚ್ ಆದರೆ ನಿಮ್ಮ ಫೈಲನ್ನು ಎಕ್ಸ್‌ರೆಫ್ ಮಾಡಿದವರಿಗೆ ಒಳಗಿನ ಎಕ್ಸ್‌ರೆಫ್ ಕೂಡ ಹೋಗುತ್ತದೆ, ಓವರ್‌ಲೇ ಆದರೆ ಹೋಗುವುದಿಲ್ಲ. ಸರ್ವೇಗೆ ಓವರ್‌ಲೇ ಸಾಕು, ಇಲ್ಲದಿದ್ದರೆ ಒಂದೇ ಸರ್ವೇ ಎರಡು ಮೂರು ಕಡೆಯಿಂದ ಬಂದು ಕೂರುತ್ತದೆ.

ಸರ್ವೇ ಬಗ್ಗೆ ನಮ್ಮ ಜಿಲ್ಲೆಗೇ ಸೇರಿದ ಒಂದು ಮಾತಿದೆ. 2018ರ ಆಗಸ್ಟಿನ ಭೂಕುಸಿತದಲ್ಲಿ ಮಡಿಕೇರಿ, ಸೋಮವಾರಪೇಟೆ ತಾಲೂಕುಗಳ ಎಷ್ಟೋ ಇಳಿಜಾರುಗಳ ಆಕಾರವೇ ಬದಲಾಯಿತು. ಆ ಭಾಗದ ಹಳೆಯ ಸರ್ವೇ ಫೈಲ್ ಇವತ್ತಿಗೂ ತೋಟದವರ ಬಳಿ, ಆಫೀಸುಗಳ ಬಳಿ ಇದೆ. ಹೊಸ ಸರ್ವೇ ಮಾಡಿಸಿದಾಗ ಅದನ್ನು ಹಳೆಯದರ ಮೇಲೆ ಸೇವ್ ಮಾಡಬೇಡಿ. ವರ್ಷ ಸೇರಿಸಿ ಬೇರೆ ಹೆಸರಿನ ಹೊಸ ಫೈಲ್ ಮಾಡಿ, ಎಕ್ಸ್‌ರೆಫ್ ಕೊಂಡಿಯನ್ನು ನೀವೇ ಅದಕ್ಕೆ ತಿರುಗಿಸಿ, ಸಂಬಂಧಪಟ್ಟ ಎಲ್ಲ ಶೀಟಿಗೂ ರಿವಿಷನ್ ಎತ್ತಿ. ಯಾವ ಸರ್ವೇ, ಯಾವ ಬೆಂಚ್ ಮಾರ್ಕ್ (ಎತ್ತರ ಅಳೆಯಲು ಆಧಾರವಾಗಿ ಹಿಡಿದ ಗುರುತು) ಲೆಕ್ಕದಲ್ಲಿ ಲೆವೆಲ್ ಕೊಟ್ಟಿದ್ದೀರಿ ಅನ್ನುವುದು ಪ್ರತಿ ಶೀಟಿನ ನೋಟ್ಸಿನಲ್ಲಿ ಬರಲಿ. ಹಳೆ ಲೆವೆಲ್ ನಂಬಿ ಬರೆ ಕಡಿಯುವುದು ಅಪಾಯ.

ಹಂತ 5: ರಿವಿಷನ್ ಎತ್ತುವುದು

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಹೋಮ್‌ಸ್ಟೇ ಹಿಂದಿನ ಬರೆಗೆ ಮೂರು ಮೀಟರ್ ಎತ್ತರದ ಆರ್‌ಸಿಸಿ ತಡೆಗೋಡೆ. ಆರ್0 ಸೈಟಿಗೆ ಹೋಗಿದೆ. ಮಣ್ಣು ತೆಗೆದು ನೋಡಿದ ಮೇಲೆ ಸ್ಟ್ರಕ್ಚರಲ್ ಇಂಜಿನಿಯರ್ ಪಾದದ ಅಗಲ 1.8 ಮೀಟರ್ ಸಾಲದು, 2.1 ಮಾಡಿ ಅಂದಿದ್ದಾರೆ. ಕ್ರಮ ಹೀಗೆ.

ಮೊದಲು, ಬದಲಾವಣೆ ಕೇಳಿದ್ದು ಯಾರು, ಯಾವಾಗ ಅನ್ನುವುದನ್ನು ಬರಹದಲ್ಲಿ ತೆಗೆದುಕೊಳ್ಳಿ. ಫೋನಿನಲ್ಲಿ ಹೇಳಿದ್ದರೆ ‘ನೀವು ಹೇಳಿದ್ದು ಇದು ತಾನೇ’ ಅಂತ ಒಂದು ಮೆಸೇಜ್ ಹಾಕಿ, ಅವರು ಹೌದು ಅಂದ ಮೇಲೆ ಫೈಲ್ ತೆರೆಯಿರಿ.

ಆಮೇಲೆ ಮಾಡೆಲ್‌ನಲ್ಲಿ (ನಿಜ ಅಳತೆಯಲ್ಲಿ ಚಿತ್ರ ಬಿಡಿಸುವ ಜಾಗದಲ್ಲಿ) ಗೆರೆಯನ್ನೇ ತಿದ್ದಿ. ಗಡಿಬಿಡಿಯಲ್ಲಿ ಅಳತೆಯ ಅಂಕಿಯನ್ನು ಮಾತ್ರ ಅಳಿಸಿ 2100 ಅಂತ ಟೈಪ್ ಮಾಡುವ ಅಭ್ಯಾಸ ಬಹಳ ಜನರಿಗಿದೆ. ಇದಕ್ಕೆ ಟೆಕ್ಸ್ಟ್ ಓವರ್‌ರೈಡ್ ಅನ್ನುತ್ತಾರೆ. ಹಾಗೆ ಮಾಡಿದರೆ ಅಂಕಿ 2100 ಅನ್ನುತ್ತದೆ, ಗೆರೆ 1800ರಲ್ಲೇ ಇರುತ್ತದೆ. ಬಾರ್ ಬೆಂಡಿಂಗ್ ಪಟ್ಟಿ ಮಾಡುವವರು ಗೆರೆ ಅಳೆದರೆ ಕಂಬಿ ಗಿಡ್ಡ ಬರುತ್ತದೆ. ಸುಮ್ನೆ ಅನುಮಾನ ಬೇಡ, ಪ್ರಾಪರ್ಟೀಸ್ ಕಿಟಕಿಯಲ್ಲಿ ಟೆಕ್ಸ್ಟ್ ಓವರ್‌ರೈಡ್ ಸಾಲು ಖಾಲಿ ಇದೆಯೇ ನೋಡಿ.

ಪಾದ ಅಗಲವಾದರೆ ಬೇರೆ ಏನೇನು ಬದಲಾಗುತ್ತದೆ ಅಂತ ಒಂದು ನಿಮಿಷ ಕೂತು ಯೋಚಿಸಿ. ಸೆಕ್ಷನ್ (ಕತ್ತರಿಸಿ ನೋಡಿದ ಹಾಗೆ ತೋರಿಸುವ ಚಿತ್ರ) ಬದಲಾಯಿತು, ಪ್ಲಾನ್ ಕೂಡ ಬದಲಾಗಬೇಕು. ಕಂಬಿಯ ಪಟ್ಟಿ, ಮಣ್ಣು ತೆಗೆಯುವ ಅಗಲ, ಗೋಡೆ ಹಿಂದಿನ ಚರಂಡಿಯ ಜಾಗ ಕೂಡ. ಇವು ಬೇರೆ ಶೀಟಿನಲ್ಲಿದ್ದರೆ ಆ ಶೀಟಿಗೂ ಹೊಸ ರಿವಿಷನ್. ಮುಟ್ಟದ ಶೀಟುಗಳ ರಿವಿಷನ್ ಹಾಗೇ ಇರಲಿ. ಸೆಟ್ ಪೂರ್ತಿ ಒಂದೇ ಗುರುತಿನಲ್ಲಿ ಇರಲಿ ಅಂತ ಎಲ್ಲವನ್ನೂ ಎತ್ತಬೇಡಿ. ಎತ್ತಿದರೆ ನಿಜವಾಗಿ ಬದಲಾದದ್ದು ಯಾವುದು ಅಂತ ಸೈಟಿನವರಿಗೆ ತಿಳಿಯುವುದಿಲ್ಲ.

ಬದಲಾದ ಜಾಗಕ್ಕೆ ರೆವ್‌ಕ್ಲೌಡ್ ಕಮಾಂಡಿನಿಂದ ಅಲೆಅಲೆಯ ಸುತ್ತುಗೆರೆ ಹಾಕಿ. ಪಕ್ಕದಲ್ಲಿ ಪುಟ್ಟ ತ್ರಿಕೋನ, ಅದರೊಳಗೆ 1. ಹಿಂದಿನ ರಿವಿಷನ್ನಿನ ಸುತ್ತುಗೆರೆ ಇದ್ದರೆ ತೆಗೆದುಬಿಡಿ, ತ್ರಿಕೋನ ಮಾತ್ರ ಉಳಿಯಲಿ. ಸುತ್ತುಗೆರೆಗೆ ಬೇರೆ ಲೇಯರ್ (ಬೇಕಾದಾಗ ತೋರಿಸಿ, ಬೇಡವಾದಾಗ ಮರೆಮಾಡಬಹುದಾದ ಪದರ) ಇದ್ದರೆ ಇದು ಸುಲಭ.

ಕೊನೆಗೆ ರಿವಿಷನ್ ಪಟ್ಟಿ. ಇದನ್ನು ಹೇಗೆ ಬರೆಯಬೇಕು ನೋಡಿ:

ಆರ್0 | 10-02-2025 | ನಿರ್ಮಾಣಕ್ಕಾಗಿ ಮೊದಲ ಇಶ್ಯೂ
ಆರ್1 | 03-03-2025 | ಸೆಕ್ಷನ್ ಎ-ಎ: ಪಾದದ ಅಗಲ 1800 ಇದ್ದದ್ದು 2100, ಪ್ಲಾನ್ ಮತ್ತು ಕಂಬಿ ಪಟ್ಟಿ ಅದರಂತೆ
ಆರ್2 | 17-03-2025 | 75 ಮಿಮೀ ವೀಪ್ ಹೋಲ್ ಒಂದು ಸಾಲು ಹೆಚ್ಚಿಸಿದೆ. ಗೋಡೆ ಹಿಂದೆ ಜಲ್ಲಿಪದರ ಸೇರಿಸಿದೆ

ವೀಪ್ ಹೋಲ್ ಅಂದರೆ ಗೋಡೆ ಹಿಂದಿನ ನೀರು ಹೊರಬರುವ ತೂತು. ಆರ್1ರ ಸಾಲಿನಲ್ಲಿ ಮೊದಲು ಏನಿತ್ತು, ಈಗ ಏನಾಗಿದೆ, ಎಲ್ಲಿ, ಮೂರೂ ಇದೆ. ‘ಸೂಚನೆಯಂತೆ ತಿದ್ದಿದೆ’, ‘ಜನರಲ್ ರಿವಿಷನ್’ ಅಂತ ಬರೆದರೆ ಓದಿದವರಿಗೆ ಏನೂ ತಿಳಿಯುವುದಿಲ್ಲ. ನನಗೆ ಒಂದು ಆಫೀಸಿನ ಕೆಲಸ ಎಷ್ಟು ಶಿಸ್ತಿನದು ಅಂತ ತಿಳಿಯಬೇಕಿದ್ದರೆ ಮೊದಲು ನೋಡುವುದು ಈ ಪಟ್ಟಿಯನ್ನೇ.

ಹಂತ 6: ಚೆಕ್ ಮಾಡಿಸಿ

ಬಿಡಿಸಿದವರೇ ಚೆಕ್ ಮಾಡಬಾರದು. ಪೇಪರಿನಲ್ಲಿ ಪ್ರಿಂಟ್ ತೆಗೆದು, ಸರಿಯಿದ್ದುದಕ್ಕೆ ಹಳದಿ, ತಪ್ಪಿಗೆ ಕೆಂಪು ಬಣ್ಣ ಹಚ್ಚುತ್ತಾ ಹೋಗುವುದು ಹಳೆಯ ರೂಢಿ. ಬಣ್ಣ ಬೀಳದ ಅಳತೆ ಅಂದರೆ ಯಾರೂ ನೋಡದ ಅಳತೆ.

ಸಾಫ್ಟ್‌ವೇರ್ ಸಹಾಯವೂ ಇದೆ. ಆಟೋಕ್ಯಾಡ್ 2019ರಿಂದ ಡಿಡಬ್ಲ್ಯೂಜಿ ಕಂಪೇರ್ ಎಂಬ ಸೌಲಭ್ಯ ಬಂದಿದೆ. ಕಂಪೇರ್ ಕಮಾಂಡ್ ಕೊಟ್ಟು ಹಿಂದಿನ ಇಶ್ಯೂವಿನ ಫೈಲ್ ತೋರಿಸಿದರೆ ಎರಡರ ನಡುವಿನ ವ್ಯತ್ಯಾಸ ಹಸಿರು, ಕೆಂಪಿನಲ್ಲಿ ಕಾಣುತ್ತದೆ, ಬದಲಾಗದ್ದು ಬೂದುಬಣ್ಣದಲ್ಲಿರುತ್ತದೆ. ಬೇಕೆಂದೇ ಮಾಡಿದ ಬದಲಾವಣೆಗಿಂತ ಕೈತಪ್ಪಿ ಸರಿದ ಗೆರೆಗಳನ್ನು ಹಿಡಿಯಲು ಇದು ಒಳ್ಳೆಯದು. ಸುತ್ತುಗೆರೆ ಇಲ್ಲದ ಕಡೆ ಬಣ್ಣ ಕಂಡರೆ ಅಲ್ಲೇನೋ ಆಗಿದೆ ಅಂತಲೇ ಅರ್ಥ. ಟೈಟಲ್ ಬ್ಲಾಕನ್ನು ಮಾತ್ರ ಕಣ್ಣಲ್ಲೇ ನೋಡಬೇಕು.

ಹಂತ 7: ಪಬ್ಲಿಷ್

ಮೊದಲು ಎಲ್ಲ ಫೈಲ್ ಸೇವ್ ಮಾಡಿ. ಆಡಿಟ್, ಪರ್ಜ್ ಎರಡೂ ಕಮಾಂಡ್ ಓಡಿಸಿ. ಆಡಿಟ್ ಫೈಲಿನ ದೋಷ ಸರಿಮಾಡುತ್ತದೆ, ಪರ್ಜ್ ಬಳಸದ ಲೇಯರ್, ಬ್ಲಾಕ್ ತೆಗೆಯುತ್ತದೆ. ಆಮೇಲೆ ಪಬ್ಲಿಷ್ ಕಮಾಂಡ್ ಕೊಟ್ಟು ಶೀಟುಗಳನ್ನು ಸೇರಿಸಿ. ಮಾಡೆಲ್ ಟ್ಯಾಬುಗಳೂ ಪಟ್ಟಿಯಲ್ಲಿ ಬಂದು ಕೂತಿದ್ದರೆ ತೆಗೆಯಿರಿ, ಬೇಕಿರುವುದು ಲೇಔಟ್ (ಪ್ರಿಂಟಿಗೆ ಜೋಡಿಸಿದ ಶೀಟ್) ಮಾತ್ರ. ಈ ಪಟ್ಟಿಯನ್ನು ಡಿಎಸ್‌ಡಿ ಫೈಲ್ ಆಗಿ ಸೇವ್ ಮಾಡಿಕೊಂಡರೆ ಮುಂದಿನ ಸಲ ಮತ್ತೆ ಸೇರಿಸುವ ಕೆಲಸವಿಲ್ಲ. ಒಂದು ಶೀಟಿಗೆ ಒಂದು ಪಿಡಿಎಫ್ ಮಾಡಿ. ಎಲ್ಲ ಶೀಟ್ ಸೇರಿಸಿ ಒಂದೇ ಪಿಡಿಎಫ್ ಮಾಡಿದರೆ ಒಂದು ಶೀಟ್ ಬದಲಾದರೂ ಇಡೀ ಕಟ್ಟು ಹಳತಾಗುತ್ತದೆ.

ಇಲ್ಲಿ ಕಾಲು ಜಾರುವ ಜಾಗಗಳು ಹಲವಿವೆ.

ಪ್ಲಾಟ್ ಸ್ಟೈಲ್ ಫೈಲ್, ಅಂದರೆ ಗೆರೆಯ ದಪ್ಪ, ಬಣ್ಣ ನಿರ್ಧರಿಸುವ ಸಿಟಿಬಿ, ಆಫೀಸಿನಲ್ಲಿ ಎಲ್ಲರ ಬಳಿ ಒಂದೇ ಇರಬೇಕು. ಇಲ್ಲದಿದ್ದರೆ ಅದೇ ಡ್ರಾಯಿಂಗ್ ಒಬ್ಬರ ಕಂಪ್ಯೂಟರಿನಲ್ಲಿ ಕಪ್ಪು, ಇನ್ನೊಬ್ಬರಲ್ಲಿ ಬಣ್ಣಬಣ್ಣ.

ಡೆಫ್‌ಪಾಯಿಂಟ್ಸ್ ಎಂಬ ಲೇಯರಿನಲ್ಲಿರುವುದು ಪರದೆಯಲ್ಲಿ ಕಾಣುತ್ತದೆ, ಪ್ರಿಂಟಿನಲ್ಲಿ ಬರುವುದಿಲ್ಲ. ಅಳತೆಗಳು ಗೊತ್ತಿಲ್ಲದೆ ಅಲ್ಲಿ ಸೇರಿಕೊಂಡಿದ್ದರೆ ಪಿಡಿಎಫ್‌ನಲ್ಲಿ ಮಾಯ.

ವ್ಯೂಪೋರ್ಟ್ ಲಾಕ್ ಮಾಡಿ. ವ್ಯೂಪೋರ್ಟ್ ಅಂದರೆ ಲೇಔಟಿನಿಂದ ಮಾಡೆಲ್ ನೋಡುವ ಕಿಟಕಿ. ಲಾಕ್ ಇಲ್ಲದಿದ್ದರೆ ಒಳಗೆ ಒಮ್ಮೆ ಜೂಮ್ ಮಾಡಿದರೂ ಸ್ಕೇಲ್ ಹೋಗುತ್ತದೆ.

ಬ್ಯಾಕ್‌ಗ್ರೌಂಡ್‌ಪ್ಲಾಟ್ ಎಂಬ ಸೆಟ್ಟಿಂಗ್ ಮೂಲದಲ್ಲಿ 2 ಇರುತ್ತದೆ, ಅಂದರೆ ಪಬ್ಲಿಷ್ ಹಿನ್ನೆಲೆಯಲ್ಲಿ ನಡೆಯುತ್ತದೆ. ದೋಷ ಬಂದರೆ ಕೆಳಮೂಲೆಯಲ್ಲಿ ಚಿಕ್ಕ ಸೂಚನೆ ಬಂದು ಹೋಗುತ್ತದೆ, ನಿಮಗೆ ಕಾಣದೇ ಇರಬಹುದು. ಅದನ್ನು 0 ಮಾಡಿ, ಕಣ್ಣೆದುರೇ ನಡೆಯಲಿ.

ಇನ್ನು ಕನ್ನಡ ಬರಹ. ಮೇಸ್ತ್ರಿಗಳಿಗೆ ಅನುಕೂಲವಾಗಲಿ ಅಂತ ಸೂಚನೆಗಳನ್ನು ಕನ್ನಡದಲ್ಲಿ ಹಾಕುವುದು ಒಳ್ಳೆಯ ಅಭ್ಯಾಸ. ಆದರೆ ಹಳೆಯ ನುಡಿ ಫಾಂಟಿನ ಬರಹ ಯೂನಿಕೋಡ್ ಅಲ್ಲ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಡಿಡಬ್ಲ್ಯೂಜಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳು ಕಾಣುತ್ತವೆ. ಯೂನಿಕೋಡ್‌ನಲ್ಲೇ ಟೈಪ್ ಮಾಡಿ, ವಿಂಡೋಸ್ ಜೊತೆ ಬರುವ ನಿರ್ಮಲಾ ಯುಐ ಫಾಂಟ್ ಬಳಸಿ. ಒತ್ತಕ್ಷರ ಸರಿಯಾಗಿ ಕೂತಿದೆಯೇ ಅಂತ ಪಿಡಿಎಫ್ ತೆರೆದು ಓದಿ.

ಸ್ಕೇಲಿನ ವಿಷಯಕ್ಕೆ ಬರೋಣ. ಎ1 ಶೀಟ್ 594 × 841 ಮಿಮೀ, ಎ3 ಶೀಟ್ 297 × 420. ಉದ್ದದಲ್ಲಿ ಹೆಚ್ಚು ಕಡಿಮೆ ಅರ್ಧ. ಆದ್ದರಿಂದ ಎ1ಕ್ಕೆ ಮಾಡಿದ 1:50ರ ಡ್ರಾಯಿಂಗನ್ನು ಎ3ಯಲ್ಲಿ ತೆಗೆದರೆ ಅದು 1:100. ಎ1 ಪ್ಲಾಟರ್ ಎಲ್ಲ ಊರಲ್ಲೂ ಸಿಗದ ಕಾರಣ ಸೈಟಿಗೆ ಎ3 ಹೋಗುವುದೇ ಜಾಸ್ತಿ. ಹಾಗಾಗಿ ಟೈಟಲ್ ಬ್ಲಾಕಿನಲ್ಲಿ ‘1:50 ಎ1ರಲ್ಲಿ, 1:100 ಎ3ರಲ್ಲಿ’ ಅಂತ ಎರಡೂ ಬರೆಯಿರಿ. ಜೊತೆಗೆ ಒಂದು ಸ್ಕೇಲ್ ಪಟ್ಟಿ ಬಿಡಿಸಿ, ಜೆರಾಕ್ಸ್ ಅಂಗಡಿಯಲ್ಲಿ ಹೇಗೇ ಕುಗ್ಗಿಸಿದರೂ ಪಟ್ಟಿಯೂ ಅಷ್ಟೇ ಕುಗ್ಗುತ್ತದೆ. ‘ಅಳತೆ ಬರೆದದ್ದನ್ನು ನೋಡಿ, ಸ್ಕೇಲ್ ಇಟ್ಟು ಅಳೆಯಬೇಡಿ’ ಅನ್ನುವ ಸಾಲೂ ಇರಲಿ.

ಹಂತ 8: ಕಳಿಸಿ, ಬರೆದಿಡಿ

ಕಳಿಸುವುದು ಪಿಡಿಎಫ್ ಮಾತ್ರ. ಯಾರಾದರೂ ಡಿಡಬ್ಲ್ಯೂಜಿ ಕೇಳಿದರೆ ಇಟ್ರಾನ್ಸ್‌ಮಿಟ್ ಮಾಡಿದ ಜಿಪ್ ಕೊಡಿ, ‘ಉಲ್ಲೇಖಕ್ಕೆ ಮಾತ್ರ’ ಅಂತ ಬರೆದು ಕೊಡಿ. ಅವರ ಬಳಿ 2013ರಿಂದ 2017ರವರೆಗಿನ ಆಟೋಕ್ಯಾಡ್ ಇದ್ದರೆ 2013ರ ಫಾರ್ಮ್ಯಾಟಿನಲ್ಲಿ ಸೇವ್ ಮಾಡಿ, ಇಲ್ಲದಿದ್ದರೆ ತೆರೆಯುವುದಿಲ್ಲ.

ವಾಟ್ಸಾಪ್‌ನಲ್ಲಿ ಕಳಿಸಬೇಡಿ ಅಂದರೆ ಯಾರೂ ಕೇಳುವುದಿಲ್ಲ, ಅಲ್ವಾ. ಕಳಿಸಿ, ಆದರೆ ಡಾಕ್ಯುಮೆಂಟ್ ಆಗಿ ಕಳಿಸಿ. ಪರದೆಯ ಫೋಟೋ ತೆಗೆದು ಕಳಿಸಿದರೆ ಟೈಟಲ್ ಬ್ಲಾಕ್ ಕತ್ತರಿಸಿ ಹೋಗಿರುತ್ತದೆ, ರಿವಿಷನ್ ಯಾವುದು ಅನ್ನುವುದೇ ಇರುವುದಿಲ್ಲ. ವಾಟ್ಸಾಪ್ ಜೊತೆ ಇಮೇಲ್ ಕೂಡ ಹೋಗಲಿ, ಒಂದು ವರ್ಷದ ಮೇಲೆ ಹುಡುಕಲು ಸಿಗುವುದು ಅದೇ.

ಪ್ರತಿ ಸಲ ರಿಜಿಸ್ಟರಿನಲ್ಲಿ ಒಂದು ಸಾಲು: ಡ್ರಾಯಿಂಗ್ ನಂಬರ್, ರಿವಿಷನ್, ತಾರೀಕು, ಯಾರಿಗೆ, ಎಷ್ಟು ಪ್ರತಿ, ಯಾವ ಉದ್ದೇಶಕ್ಕೆ. ಇದೇ ವಿವರ ಬರೆದು ಡ್ರಾಯಿಂಗ್ ಜೊತೆ ಕಳಿಸುವ ಚೀಟಿಗೆ ಟ್ರಾನ್ಸ್‌ಮಿಟಲ್ ಅನ್ನುತ್ತಾರೆ. ಸೈಟಿಗೆ ಹೊಸದು ಕಳಿಸುವಾಗ ಇಡೀ ರಿಜಿಸ್ಟರಿನ ಈಗಿನ ಸ್ಥಿತಿಯ ಒಂದು ಪುಟವನ್ನೂ ಜೊತೆಗೆ ಕಳಿಸಿ. ಯಾವ ಶೀಟಿಗೆ ಯಾವ ರಿವಿಷನ್ ಚಾಲ್ತಿಯಲ್ಲಿದೆ ಅನ್ನುವುದು ಒಂದೇ ಕಡೆ ಸಿಗುತ್ತದೆ.

ಪಂಚಾಯಿತಿ ಅಥವಾ ನಗರಾಭಿವೃದ್ಧಿ ಪ್ರಾಧಿಕಾರದಿಂದ ಮಂಜೂರಾದ ನಕ್ಷೆ ಬೇರೆಯೇ ಒಂದು ದಾಖಲೆ. ಅದರ ಪಿಡಿಎಫ್, ಸೀಲ್ ಬಿದ್ದ ಸ್ಕ್ಯಾನ್ ಎರಡನ್ನೂ ಪ್ರತ್ಯೇಕ ಇಡಿ. ನಿರ್ಮಾಣದ ಡ್ರಾಯಿಂಗ್ ಮುಂದೆ ಹೋಗುತ್ತಾ ಇದರಿಂದ ದೂರವಾಗುತ್ತಿದೆಯೇ ಅಂತ ಆಗಾಗ ಹೋಲಿಸಿ. ಸೆಟ್‌ಬ್ಯಾಕ್ (ಗಡಿಯಿಂದ ಬಿಡಬೇಕಾದ ಜಾಗ), ಎತ್ತರ, ಮಹಡಿ ಬದಲಾಗಿದ್ದರೆ ಮಾಲೀಕರಿಗೆ ಬರಹದಲ್ಲಿ ತಿಳಿಸಿ.

ಹಂತ 9: ಸೈಟಿನಲ್ಲಿ ಹಳೆಯದನ್ನು ತೆಗೆಯಿರಿ

ಹೊಸದು ಕೊಟ್ಟರೆ ಅರ್ಧ ಕೆಲಸ ಮುಗಿಯಿತು ಅಷ್ಟೇ. ಹಳೆಯದನ್ನು ವಾಪಸ್ ತೆಗೆದುಕೊಳ್ಳುವುದು ಇನ್ನರ್ಧ. ಬಾರ್ ಬೆಂಡರ್ ಬಳಿ ಒಂದು, ಸೆಂಟ್ರಿಂಗ್‌ನವರ ಬಳಿ ಒಂದು, ಶೆಡ್ಡಿನ ಗೋಡೆಗೆ ಅಂಟಿಸಿದ್ದು ಒಂದು ಇರುತ್ತದೆ. ರಿಜಿಸ್ಟರಿನಲ್ಲಿ ಎಷ್ಟು ಪ್ರತಿ ಕೊಟ್ಟಿದ್ದೀರಿ ಅಂತ ಇದೆಯಲ್ಲ, ಅಷ್ಟೂ ವಾಪಸ್ ಬರಬೇಕು. ಎಲ್ಲದರ ಮೇಲೆ ‘ರದ್ದು’ ಸ್ಟಾಂಪ್ ಒತ್ತಿ. ಒಂದನ್ನು ಆಫೀಸಿನಲ್ಲಿ ಇಟ್ಟುಕೊಂಡು ಉಳಿದದ್ದು ಹರಿಯಿರಿ. ಸೈಟ್ ಇಂಜಿನಿಯರ್ ಆ ಹಳೆ ಪ್ರತಿಯಲ್ಲಿ ಪೆನ್ನಲ್ಲಿ ಏನಾದರೂ ಗುರುತು ಹಾಕಿದ್ದರೆ ಹರಿಯುವ ಮೊದಲು ಫೋಟೋ ತೆಗೆದುಕೊಳ್ಳಿ.

ಮೊಬೈಲಿನಲ್ಲಿ ಉಳಿದ ಹಳೆ ಪಿಡಿಎಫ್ ವಾಪಸ್ ತರಲು ಆಗುವುದಿಲ್ಲ. ಅದಕ್ಕೆ ಒಂದೇ ದಾರಿ, ಕಾಂಕ್ರೀಟ್ ಹಾಕುವ ದಿನ ಬೆಳಗ್ಗೆ ಸೈಟ್ ಇಂಜಿನಿಯರ್ ಫೋನ್ ಮಾಡಿ ಡ್ರಾಯಿಂಗ್ ನಂಬರ್, ರಿವಿಷನ್ ಎರಡನ್ನೂ ಓದಿ ಹೇಳಬೇಕು. ನೀವು ರಿಜಿಸ್ಟರ್ ನೋಡಿ ಹೌದು ಅನ್ನಬೇಕು. ಎರಡು ನಿಮಿಷದ ಮಾತು. ತಡೆಗೋಡೆಯ ಪಾದಕ್ಕಾದರೆ ಇದನ್ನು ಒಮ್ಮೆಯೂ ಬಿಡಬೇಡಿ.

ಮಳೆಗಾಲದಲ್ಲಿ ಎ3 ಪ್ರತಿಯನ್ನು ಪ್ಲಾಸ್ಟಿಕ್ ಕವರಿನೊಳಗೆ ಹಾಕಿ ಕೊಡಿ. ಲ್ಯಾಮಿನೇಟ್ ಮಾಡಿಸಬೇಡಿ. ಲ್ಯಾಮಿನೇಟ್ ಆದ ಡ್ರಾಯಿಂಗನ್ನು ಯಾರೂ ಎಸೆಯುವುದಿಲ್ಲ, ರದ್ದಾದ ಮೇಲೂ ಅದೇ ಚಾಲ್ತಿಯಲ್ಲಿರುತ್ತದೆ.

ಕರೆಂಟ್ ಹೋಗಿ ಫೈಲ್ ಕೆಟ್ಟರೆ

ಇದನ್ನೂ ಬಹಳ ಜನ ಕೇಳುತ್ತಾರೆ. ಗಾಬರಿಯಾಗಿ ಅದೇ ಹೆಸರಿನಲ್ಲಿ ಮತ್ತೆ ಸೇವ್ ಮಾಡಬೇಡಿ. ಪಕ್ಕದಲ್ಲೇ ಬಿಎಕೆ ಎಂಬ ಬಾಲವಿರುವ ಫೈಲ್ ಇರುತ್ತದೆ. ಅದನ್ನು ಬೇರೆ ಕಡೆ ಕಾಪಿ ಮಾಡಿ, ಕೊನೆಯನ್ನು ಡಿಡಬ್ಲ್ಯೂಜಿ ಅಂತ ಬದಲಾಯಿಸಿದರೆ ಹಿಂದಿನ ಸೇವ್ ಸಿಗುತ್ತದೆ. ಅದಕ್ಕಿಂತ ಹೊಸದು ಬೇಕಿದ್ದರೆ ಟೆಂಪ್ ಫೋಲ್ಡರಿನಲ್ಲಿರುವ ಆಟೋಸೇವ್ ಫೈಲ್ ನೋಡಿ. ಸೇವ್‌ಟೈಮ್ ಸೆಟ್ಟಿಂಗ್ ಮೂಲದಲ್ಲಿ 10 ನಿಮಿಷ ಇರುತ್ತದೆ, ಜೂನ್ ಬಂದ ಕೂಡಲೇ 5ಕ್ಕೆ ಇಳಿಸಿ. ಫೈಲ್ ತೆರೆಯದೇ ಇದ್ದರೆ ರಿಕವರ್ ಕಮಾಂಡ್. ಉಳಿಸಿಕೊಂಡ ಫೈಲನ್ನು ಕೊನೆಯ ಇಶ್ಯೂವಿನ ಪಿಡಿಎಫ್ ಜೊತೆ ಹೋಲಿಸಿದ ಮೇಲೆಯೇ ಮುಂದುವರಿಯಿರಿ.

ಬ್ಯಾಕಪ್ ಮೂರು ಕಡೆ ಇರಲಿ. ಕಂಪ್ಯೂಟರಿನಲ್ಲಿ ಒಂದು, ಹೊರಗಿನ ಹಾರ್ಡ್ ಡಿಸ್ಕಿನಲ್ಲಿ ಒಂದು, ಆಫೀಸಿನಿಂದ ಹೊರಗೆ ಎಲ್ಲಾದರೂ ಒಂದು. ಕೊನೆಯದಕ್ಕೆ ಮಾತ್ರ ಡ್ರೈವ್ ಚೆನ್ನಾಗಿ ಹೊಂದುತ್ತದೆ.

ಯಂತ್ರದ ಬಿಡಿಭಾಗ ವಿನ್ಯಾಸ ಮಾಡುವವರಿಗೆ, ಉದಾಹರಣೆಗೆ ಕಾಫಿ ಪಲ್ಪರ್ ಭಾಗಗಳನ್ನು ತ್ರೀಡಿಯಲ್ಲಿ ಮಾಡುವವರಿಗೆ, ವಾಲ್ಟ್, ಸಾಲಿಡ್‌ವರ್ಕ್ಸ್ ಪಿಡಿಎಂ ಥರದ ಸಾಫ್ಟ್‌ವೇರ್ ಇದೆ. ಅದರಲ್ಲಿ ಫೈಲ್ ತಿದ್ದಬೇಕಿದ್ದರೆ ಮೊದಲು ಚೆಕ್ ಔಟ್, ಮುಗಿದ ಮೇಲೆ ಚೆಕ್ ಇನ್. ನಡುವೆ ಬೇರೆಯವರು ತಿದ್ದಲಾರರು, ಇತಿಹಾಸವೂ ತಾನಾಗೇ ಉಳಿಯುತ್ತದೆ. ಪ್ರೋಗ್ರಾಮರುಗಳ ಗಿಟ್ ಬಳಸಬಹುದೇ ಅಂತ ಕೆಲವರು ಕೇಳುತ್ತಾರೆ. ಬಳಸಬಹುದು, ಆದರೆ ಡಿಡಬ್ಲ್ಯೂಜಿ ಬರಹದ ಫೈಲ್ ಅಲ್ಲ. ಯಾವ ಗೆರೆ ಬದಲಾಯಿತು ಅನ್ನುವುದನ್ನು ಗಿಟ್ ತೋರಿಸಲಾರದು, ಹಳೆಯ ಪ್ರತಿಗಳನ್ನು ಕಾಪಾಡುತ್ತದೆ ಅಷ್ಟೇ.

ಹಂತ 10: ಕಟ್ಟಿದ್ದು ಕಟ್ಟಿದ ಹಾಗೆ

ಕೆಲಸ ಮುಗಿದ ಮೇಲೆ ಆಸ್ ಬಿಲ್ಟ್ ಡ್ರಾಯಿಂಗ್ ಮಾಡಿ. ಅಂದರೆ ನಿಜವಾಗಿ ಕಟ್ಟಿದ್ದು ಹೇಗಿದೆಯೋ ಹಾಗೆ. ಸೈಟಿನಿಂದ ವಾಪಸ್ ಬಂದ ಪೆನ್ ಗುರುತಿನ ಪ್ರತಿಗಳು, ಫೋಟೋಗಳು ಇಲ್ಲಿ ಬೇಕಾಗುತ್ತವೆ. ಮಣ್ಣಿನೊಳಗೆ ಹೋದದ್ದನ್ನು ಮೊದಲು ಬಿಡಿಸಿ: ಪಾದದ ಆಳ, ಗೋಡೆ ಹಿಂದಿನ ಜಲ್ಲಿಪದರ, ಚರಂಡಿ ಪೈಪ್ ಹೋದ ದಾರಿ. ಗೋಡೆ ಎತ್ತರವನ್ನು ಯಾವಾಗ ಬೇಕಾದರೂ ಅಳೆಯಬಹುದು, ಇವುಗಳನ್ನು ಅಳೆಯಲು ಮತ್ತೆ ಅಗೆಯಬೇಕು.

ರಿವಿಷನ್ ಪಟ್ಟಿಯ ಕೊನೆಯ ಸಾಲಿನಲ್ಲಿ ‘ಆಸ್ ಬಿಲ್ಟ್’ ಅಂತ ಬರೆದು, ತಾರೀಕು ಹಾಕಿ, ಮಾಲೀಕರಿಗೆ ಒಂದು ಪ್ರಿಂಟ್, ಒಂದು ಪೆನ್ ಡ್ರೈವ್ ಕೊಡಿ. ಮುಂದೆ ಯಾವುದಾದರೂ ಮಳೆಗಾಲದಲ್ಲಿ ವೀಪ್ ಹೋಲ್‌ನಿಂದ ನೀರು ಬರುವುದು ನಿಂತರೆ, ನೋಡಲು ಬರುವ ಇಂಜಿನಿಯರ್ ಮೊದಲು ಕೇಳುವುದು ಈ ಶೀಟನ್ನೇ. ಅದು ಮಾಲೀಕರ ಮನೆಯಲ್ಲೇ ಇರಬೇಕು.